ಹಸಿರು ಗುರುತು

೧೪ ನವೆಂಬರ್
ಉಣ್ಣೆ ಕತ್ತರಿಸಿ ಮುಗಿಯಿತು. ಕುರಿಗಳ ಬೆನ್ನಿಗೆ ಹಸಿರು ಬಳಿದೆ. ಅಜ್ಜನ ಕಾಲದ ಗುರುತು. ಪಕ್ಕದ ಹಟ್ಟಿಯ ಬಸಣ್ಣನ ಹಿಂಡಿಗೆ ಕೆಂಪು.
ಲಾಡ್ಲೇಸಾಬ ಬರಲಿಲ್ಲ. ಕುರಿ ವ್ಯಾಪಾರಿ, ನನ್ನ ದೋಸ್ತ. ಮೂವತ್ತು ವರ್ಷದಲ್ಲಿ ಈ ದಿನ ತಪ್ಪಿಸಿದವನಲ್ಲ. ಹಿಲಾಲ್ ಎಂಬ ಹೊಸ ಪಾರ್ಟಿ ಸೇರಿದ್ದಾನಂತೆ. ದೀನಿನ, ಅಂದರೆ ಅವರ ಧರ್ಮದ, ಪ್ರಕಾರ ರಾಜಕಾರಣವಂತೆ. ಕುರಿ ಬಿಟ್ಟು ಇದೇಕೆ? ತಿಳಿಯದು.

೨೨ ಡಿಸೆಂಬರ್
ಲಾಡ್ಲೇಸಾಬ ಮುನ್ಸಿಪಾಲ್ಟಿ ಇಲೆಕ್ಷನ್ ಗೆದ್ದ. ಅವನೂ ಸೇರಿ ಪಾರ್ಟಿಯ ಐದು ಮಂದಿ ಗೆದ್ದರು. ದುಧನಿ ಊರ ತುಂಬ ಪಾರ್ಟಿಯ ಹಸಿರು ಝೇಂಡಾ. ಬಜಾರಿಗೆ ಕುರಿ ಹೊಡೆದುಕೊಂಡು ಹೋದೆ. ಬಸಣ್ಣ ನಕ್ಕ.
"ಏನೋ ಮಲ್ಲಯ್ಯಾ, ನಿನ್ನ ಕುರೀನೂ ಪಾರ್ಟಿ ಸೇರ್ಯಾವೇನು?"
"ನಿನ್ನ ಬಾಯಾಗ ಮಣ್ಣ ಹಾಕ!"
ಜೀಪಿನಲ್ಲಿ ಲಾಡ್ಲೇಸಾಬ ಹೋದ. ಕೈ ಎತ್ತಿದೆ. ನೋಡಲಿಲ್ಲವೋ, ನೋಡಿಯೂ...

೨೩ ಡಿಸೆಂಬರ್
ಸಿಟ್ಟು. ಹಸಿರಿನ ಮೇಲೆ ಕೆಂಪು ಬಳಿದೆ. ಮನೆಯಲ್ಲಿ ಇದ್ದದ್ದು ಅದೊಂದೇ ಬಣ್ಣ. ಹೆಂಡತಿ ಹಣಮವ್ವ ಬೈದಳು. "ಬಣ್ಣ ಏನ್ ಮಾಡೇತ್ರಿ ನಿಮಗ?"

೯ ಎಪ್ರಿಲ್
ಪಾರ್ಟಿ ಮುಗಿಯಿತಂತೆ. ಐವರಲ್ಲಿ ನಾಲ್ವರು ಬೇರೆ ಪಾರ್ಟಿಗೆ ಹಾರಿದರು. ಉಳಿದವನು ಲಾಡ್ಲೇಸಾಬ ಒಬ್ಬನೇ. ಸೊಲ್ಲಾಪುರದ ವಿಜಾಪುರ ರಸ್ತೆಯ ಪಾರ್ಟಿ ಆಫೀಸಿನಲ್ಲಿ ಈಗ ಮೊಬೈಲ್ ದುಕಾನು. ಯಾಕೆ ಎದ್ದಿತು, ಯಾಕೆ ಬಿತ್ತು? ನಾನು ಶಾಲೆ ಬಿಟ್ಟವನು. ಕಲಿತ ಮಗ ಆಕಾಶನಿಗೂ ತಿಳಿದಿಲ್ಲ.

೨ ಮೇ
ಗುಡುಗಿಗೆ ಬೆದರಿ ಎರಡೂ ಹಿಂಡು ಬೆರೆತವು. ಎಲ್ಲವೂ ಕೆಂಪು! "ಕೆಂಪು ಅಂದ್ರ ನಂದು" ಎಂದು ಬಸಣ್ಣ ನಿಂತ. ನನ್ನ ಅರವತ್ತು ಕುರಿಯ ಮುಖ ನನಗೆ ಗೊತ್ತು. ನನ್ನ ಮಾತು ಯಾರು ನಂಬಬೇಕು? ಊರ ಪಂಚರು ಸಾಕ್ಷಿ ಕೇಳಿದರು. ನನ್ನ ಕುರಿಗಳನ್ನು ಬಲ್ಲವನು ಲಾಡ್ಲೇಸಾಬ ಒಬ್ಬನೇ. ಅವನನ್ನು ನಾನು ಕೇಳುವುದಿಲ್ಲ.

೩ ಮೇ
ಹಣಮವ್ವ ಫೋನ್ ಮಾಡಿದ್ದಳು. ಲಾಡ್ಲೇಸಾಬ ಬಸ್ಸಿಗೆ ಬಂದ. ಒಂದೊಂದರ ಬೆನ್ನು ಒತ್ತಿ, ಕಿವಿ ಮಡಚಿ ಬೇರೆ ಮಾಡಿದ. "ಇದು ಮಲ್ಲಯ್ಯಂದು. ಇದರ ಅವ್ವನೂ ನನ್ನ ಕೈಯಾಗ ಹಾದು ಹೋಗ್ಯಾಳ." ಮರಿಗಳು ತಾಯಿಯ ಹಿಂದೆ ಬಂದವು. ಪಂಚರು ಒಪ್ಪಿದರು.
"ಬಣ್ಣ ಯಾಕ ಬದಲಿಸಿದಿ?" ಎಂದು ಕೇಳಿದ.
"ನೀ ಯಾಕ ಬದಲಾದಿ?"
"ನಂಗೂ ತಿಳಿವಲ್ದೋ. ಮಂದಿ ಹೆಗಲ ಮ್ಯಾಲ ಹೊತ್ರು. ಆವತ್ತು ಬಜಾರದಾಗ ನಿನ್ನ ನೋಡೀನಿ. ಕೈ ಎತ್ಲಿಲ್ಲ."
ಬೈಯಬೇಕೆಂದಿದ್ದೆ. "ನಾಳೆ ಮತ್ತ ಹಸಿರ ಬಳಿತೀನಿ" ಎಂದೆ. ರೊಟ್ಟಿ ಉಂಡು ಹೋದ.

೪ ಮೇ, ಸಂಜೆ
ಹಸಿರು ಕಲಸಿದೆ. ಲಾಡ್ಲೇಸಾಬನ ಫೋನು ಬಂತು. "ಹಸಿರು ಬ್ಯಾಡೋ ಮಲ್ಲಯ್ಯಾ. ಪಾರ್ಟಿ ಮ್ಯಾಲ ಊರಿಗೆ ಸಿಟ್ಟೈತಿ. ಈಗ ಆ ಬಣ್ಣ ಕಂಡ್ರ ಮಂದಿ ನಿನ್ನ ಬಿಡಂಗಿಲ್ಲ."
ಅವನೇ ಹೀಗೆಂದರೆ! ಈ ಬಣ್ಣ ಯಾರದು? ಪಾರ್ಟಿ ಹುಟ್ಟುವ ಮೊದಲೇ ನನ್ನಜ್ಜ ಬಳಿದದ್ದು. ಡಬ್ಬಿ ಮುಂದಿದೆ. ಕೆನೆ ಕಟ್ಟುತ್ತಿದೆ. ಮೊದಲು ಹಿಂಡಿನ ಮುದಿ ಕುರಿಗೆ ಹಸಿರು, ಬೆಳಕು ಇರುವಾಗಲೇ—