ಎರಡೂ ಎಡತೋಳು

ಅಪ್ಪಾ,

ನೀವು ತೀರಿಕೊಂಡು ಆರು ವರ್ಷವಾಯಿತು. ಈ ಕಾಗದ ಕಳಿಸಲು ವಿಳಾಸವಿಲ್ಲ, ಆದರೂ ನಡೆದದ್ದನ್ನು ಬರೆಯುತ್ತೇನೆ.

ಇವತ್ತು ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಮಗುಚುವುದನ್ನು ಮರೆತು, ಒಬ್ಬ ಗಿರಾಕಿಯ ಅಂಗಿಗೆ ಎರಡೂ ಎಡತೋಳನ್ನೇ ಕತ್ತರಿಸಿಬಿಟ್ಟೆ. ಬಚ್ಚಿಡೋಣ ಅನ್ನಿಸಿತು, ಅದು ನಮ್ಮ ಮನೆಯಲ್ಲಿ ಕಲಿತ ಬುದ್ಧಿ. ಆದರೂ ತೆಗೆದುಕೊಂಡು ಹೋಗಿ ಯಜಮಾನರ ಮುಂದೆ ಹರಡಿದೆ. ಅವರು ಕನ್ನಡಕ ಸರಿಮಾಡಿಕೊಳ್ಳಲು ಕೈ ಎತ್ತಿದರು. ನಿಮ್ಮ ಏಟು ತಡೆಯುತ್ತಿದ್ದ ಮೊಣಕೈ, ಈ ನಲವತ್ತರ ವಯಸ್ಸಿನಲ್ಲೂ, ತಾನಾಗಿ ಮುಖಕ್ಕೆ ಅಡ್ಡ ಬಂತು.

ಅವರು ಕಂಡೂ ಕಾಣದವರಂತೆ, "ಪಾಪ, ಈ ಮನುಷ್ಯ ಊಟ ಯಾವ ಕೈಯಲ್ಲಿ ಮಾಡ್ಬೇಕಮ್ಮ? ಬಟ್ಟೆ ಮಿಕ್ಕಿದೆ, ಒಂದು ಬಲತೋಳು ಕತ್ತರಿಸಿಬಿಡು" ಅಂದರು.

ನಕ್ಕುಬಿಟ್ಟೆ. ಮಿಕ್ಕ ಬಟ್ಟೆಯನ್ನು ಈ ಸಲ ಮಗುಚಿ ಹಾಕಿ ಬಲತೋಳು ಕತ್ತರಿಸಿದೆ.

ತಪ್ಪಾದಾಗ ಹೀಗೂ ಮಾತಾಡಬಹುದೆಂದು ನಿಮಗೆ ಯಾರೂ ಹೇಳಿರಲಿಲ್ಲವೇ? ಈಗ ಧೈರ್ಯ ಬಂದಿದೆ, ಕೇಳೋಣವೆಂದರೆ ನೀವಿಲ್ಲ.