ತಿರುಗಿ ನೋಡಿ ನಕ್ಕವರು

ಕೊಡೇರಿ, ಬೈಂದೂರು ತಾಲೂಕು
ಜುಲೈ ೨೭, ಭಾನುವಾರ

ಪ್ರೀತಿಯ ಮನೀಷನಿಗೆ,

ಹೇಗಿದ್ದೀಯ? ರತ್ನಗಿರಿಯ ಮಳೆಗೆ ನಿನ್ನ ಹಳೆಯ ಕೆಮ್ಮು ಮತ್ತೆ ಎದ್ದಿದೆ ಎಂದು ನಿನ್ನ ಹಾಗೆ ಅಲ್ಲೇ ದುಡಿಯುವ ಪ್ರವೀಣ್ ಹೇಳಿದ. ಮಲಗುವ ಮೊದಲು ಬಿಸಿನೀರು ಕುಡಿಯುತ್ತೀಯೋ ಇಲ್ಲವೋ? ಬೋಟಿನಲ್ಲೇ ಅನ್ನ ಬೇಯಿಸಿಕೊಂಡು, ಮೊಟ್ಟೆ ಒಡೆದು ಹಾಕಿಕೊಂಡು ತಿನ್ನುತ್ತೀಯಂತೆ. ಕೊಡೇರಿಯಲ್ಲಿ ಹುಟ್ಟಿದವನು ಮೊಟ್ಟೆ ತಿಂದು ದಿನ ಕಳೆಯುವುದನ್ನು ಕೇಳಿ ಅತ್ತೆ ಆ ದಿನ ಸರಿಯಾಗಿ ಊಟ ಮಾಡಲಿಲ್ಲ. ಒಣಸಿಗಡಿ ಚಟ್ನಿ ಇವತ್ತು ಅಲ್ಲಿಗೆ ಹೊರಟ ಪ್ರವೀಣನ ಹತ್ತಿರ ಕಳಿಸುತ್ತಿದ್ದೇನೆ. ಡಬ್ಬಿಯ ಮುಚ್ಚಳ ಗಟ್ಟಿಯಾಗಿ ಹಾಕು, ಇರುವೆ ಬರುತ್ತದೆ. ಅತ್ತೆಯ ಮಂಡಿನೋವು ಇದ್ದ ಹಾಗೇ ಇದೆ. ಪ್ರಣೀತಾ ಎರಡನೇ ಪಿಯುಸಿಗೆ ಬಂದಳು. ನಿನ್ನಷ್ಟೇ ಎತ್ತರವಾಗಿದ್ದಾಳೆ, ಜಗಳಕ್ಕೆ ನಿಂತರೂ ಚಿಕ್ಕಪ್ಪನದೇ ಗುಣ. ನಾನು ಚೆನ್ನಾಗಿದ್ದೇನೆ ಎಂದು ಬರೆಯಲು ಹೊರಟೆ, ಮನಸ್ಸು ಬರಲಿಲ್ಲ. ದಣಿದಿದ್ದೇನೆ ಮನೀಷ. ಕೆಲಸದಿಂದ ಅಲ್ಲ, ಬುಟ್ಟಿ ಹೊತ್ತು ಮೀನು ಮಾರುವುದು ಮದುವೆಯಾಗಿ ಬಂದಾಗಿನಿಂದ ಇದ್ದದ್ದೇ. ನಮ್ಮ ಮನೆಯಲ್ಲಿ ಈಗ ಎಲ್ಲರೂ ನಿನ್ನ ಅಣ್ಣನ ಮುಖ ನೋಡಿಕೊಂಡು ಮಾತಾಡುತ್ತೇವಲ್ಲ, ಅದು ಮೈಮುರಿಯುವ ಕೆಲಸ.

ಫೋನು ಮಾಡಿದರೆ ನಿನಗೆ ಸಿಗ್ನಲ್ ಇರುವುದಿಲ್ಲ. ನಿನ್ನ ಅಣ್ಣ ಫೋನು ಹಿಡಿದರಂತೂ ಅವರು ಹಲೋ ಎನ್ನುವ ಮೊದಲೇ ನಿನ್ನ ಸಿಗ್ನಲ್ ಹೋಗಿರುತ್ತದೆ. ಅದಕ್ಕೇ ಈ ಕಾಗದ. ಎದುರಿಗೆ ನಿಂತು ಓದಿಸುತ್ತೇನೆ ಎಂದು ಪ್ರವೀಣ್ ಮಾತು ಕೊಟ್ಟಿದ್ದಾನೆ. ಮಳೆಗಾಲದ ಮೀನುಗಾರಿಕೆ ನಿಷೇಧಕ್ಕೆ ಬೋಟು ಬಂದ್ ಆದ ಕೂಡಲೇ ಗೋವಾ, ರತ್ನಗಿರಿಯಲ್ಲಿದ್ದ ನಮ್ಮವರೆಲ್ಲ ಊರಿಗೆ ಬಂದರು. ನೀನೊಬ್ಬ ಬೋಟು ಕಾಯುತ್ತೇನೆಂದು ಅಲ್ಲೇ ನಿಂತೆ. ಹೋದ ವರ್ಷವೂ ನಿಂತೆ, ಅದರ ಹಿಂದಿನ ವರ್ಷವೂ ನಿಂತೆ. ದಡಕ್ಕೆ ಎಳೆದು ತಾಡಪಾಲು ಹೊದೆಸಿದ ಬೋಟನ್ನು ಯಾರು ಹೊತ್ತುಕೊಂಡು ಹೋಗುತ್ತಾರೆ ಮಾರಾಯ? ನೀನು ಯಾಕೆ ಬರುವುದಿಲ್ಲ ಎಂಬುದು ಊರಿಗೇ ಗೊತ್ತು. ಮೂರು ವರ್ಷದ ಹಿಂದೆ ಬಲೆ ಎಳೆಯುವಾಗ, ಬಲೆ ಸುತ್ತುವ ವಿಂಚಿನ ರೋಪಿಗೆ ನಿನ್ನ ಅಣ್ಣನ ಬಲಗೈ ಸಿಕ್ಕಿತು. ವಿಂಚಿನ ಲಿವರ್ ಹಿಡಿದಿದ್ದವನು ನೀನು. ನಿಲ್ಲಿಸುವಷ್ಟರಲ್ಲಿ ಕೈ ಹೋಗಿಯಾಗಿತ್ತು. ಯಾರು ಹಿಡಿದಿದ್ದರೂ ಅಷ್ಟೇ ಆಗುತ್ತಿತ್ತು ಎಂದು ಆ ಬೋಟಿನಲ್ಲಿದ್ದ ಎಲ್ಲರೂ ಹೇಳಿದರು. ನಿನ್ನ ಅಣ್ಣ ಆಸ್ಪತ್ರೆಯಲ್ಲಿ ಕಣ್ಣುಬಿಟ್ಟು ಮೊದಲು ಕೇಳಿದ್ದು ನಿನ್ನನ್ನು. ನೀನು ಅಷ್ಟರಲ್ಲಿ ರೈಲು ಹತ್ತಿಯಾಗಿತ್ತು. ಅವರು ನಿನ್ನ ಮೇಲೆ ಸಿಟ್ಟಾಗಿದ್ದರೆ ನನಗೆ ಇಷ್ಟು ಕಷ್ಟವಿರಲಿಲ್ಲ, ಸಿಟ್ಟಾದವರನ್ನು ಹೇಗೋ ಸಮಾಧಾನ ಮಾಡಬಹುದು. ಅವರು ಕಾಯುತ್ತಿದ್ದಾರೆ. ನೀನು ಬರುವುದಿಲ್ಲ.

ಇರಲಿ, ನಿನ್ನೆಯ ಸುದ್ದಿಗೆ ಬರುತ್ತೇನೆ. ನಾವೆಲ್ಲ ಕುಂದಾಪುರಕ್ಕೆ ಹೋಗಿ ಸಿನಿಮಾ ನೋಡಿ ಬಂದೆವು. ನಗಬೇಡ, ಅತ್ತೆಯೂ ಬಂದಿದ್ದರು. ಆಗಿದ್ದಿಷ್ಟು. ಪ್ರಣೀತಾಳ ಕಾಲೇಜಿನವರೆಲ್ಲ ನೋಡಿಬಂದ ಇಂಗ್ಲಿಷ್ ಸಿನಿಮಾವೊಂದು ಕನ್ನಡ ಮಾತಿನಲ್ಲೇ ಬಂದಿದೆಯಂತೆ. ಸೂಪರ್‌ಹೀರೋ ಕತೆ, ಕಾಮಿಕ್ ಪುಸ್ತಕದ್ದು. ಕರೆದುಕೊಂಡು ಹೋಗು ಎಂದು ಅಡುಗೆಮನೆಯಲ್ಲಿ ನನ್ನ ಬೆನ್ನು ಹತ್ತಿದ್ದಳು. ಆಮೇಲೆ ಅವಳೇ ಸ್ವರ ಇಳಿಸಿ, “ಅಪ್ಪಯ್ಯ ಬಪ್ಪುದ್ ಬ್ಯಾಡ ಅಮ್ಮ, ಅದ್ರಲ್ಲಿ ಬರೀ ಕೈಕಾಲ್ ಕಡಿಯೂದೇ” ಎಂದಳು. ನಮ್ಮ ಮನೆಯ ಗೋಡೆ ನಿನಗೆ ಗೊತ್ತಲ್ಲ, ಜಗಲಿಯಲ್ಲಿ ಕೂತವರಿಗೆ ಒಲೆಯ ಮೇಲಿನ ಸಾರು ಕುದಿಯುವುದೂ ಕೇಳುತ್ತದೆ. “ಅಪ್ಪಯ್ಯ ಎಂತಕ್ಕೆ ಬ್ಯಾಡ? ಅಪ್ಪಯ್ಯನೂ ಬತ್ತ್ರ್, ಅಜ್ಜಿಯೂ ಬತ್ತ್” ಎಂದು ಹೊರಗಿನಿಂದ ನಿನ್ನ ಅಣ್ಣನ ಉತ್ತರ ಬಂತು. ಐಸ್ ಪ್ಲಾಂಟಿನ ಗೇಟು ಕಾಯುವ ಕೆಲಸ ಬಂದ್ ಮುಗಿಯುವ ತನಕ ಇಲ್ಲ, ಮನೆಯಲ್ಲೇ ಕೂತು ಅವರಿಗೂ ಸಾಕಾಗಿತ್ತು. ಬ್ರಹ್ಮಾವರದ ಕ್ಯಾಂಪಿನಲ್ಲಿ ಕೊಟ್ಟ ಪ್ಲಾಸ್ಟಿಕ್ ಕೈ ಬೆವರಿಗೆ ತುರಿಸುತ್ತದೆಂದು ಅವರು ಹಾಕಿಕೊಳ್ಳುವುದಿಲ್ಲ. ಅದು ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತಿದೆ, ಅತ್ತೆ ಅದಕ್ಕೆ ಕೊಡೆ ಸಿಕ್ಕಿಸುತ್ತಾರೆ. ನಿನ್ನ ಅಣ್ಣ ಅದಿಲ್ಲದೆ ಹಾಗೇ ಹೊರಟರು.

ಟಾಕೀಸಿನಲ್ಲಿ ಅರ್ಧ ಜನ ನಮ್ಮವರೇ. ಸಮುದ್ರಕ್ಕೆ ಇಳಿಯುವ ಹಾಗಿಲ್ಲ, ಮಳೆ ಬಿಡುವುದಿಲ್ಲ, ಗಂಡಸರಿಗೆ ಇಸ್ಪೀಟು ಆಡಿ ಬೇಸರ. ಕೊಡೇರಿಯವರು, ಉಪ್ಪುಂದದವರು, ಪ್ರವೀಣ್ ಮತ್ತವನ ಬೋಟಿನವರು ನಮ್ಮ ಮುಂದಿನ ಎರಡು ಸಾಲು ತುಂಬಿ ಕೂತಿದ್ದರು. ಇನ್ನರ್ಧ ಕಾಲೇಜು ಹುಡುಗರು, ಹೆಮ್ಮಾಡಿ ಕಡೆಯಿಂದ ಬೈಕಿನಲ್ಲಿ ಒದ್ದೆಯಾಗಿ ಬಂದವರು. ಸಿನಿಮಾದ ಹೀರೋ ಹಳದಿ ರೇನ್‌ಕೋಟಿನಂಥ ಬಟ್ಟೆ ಹಾಕಿದ ಹೊಟ್ಟೆಯ ಮನುಷ್ಯ, ಏನು ಮಾಡಿದರೂ ಸಾಯುವುದಿಲ್ಲ. ಕುತ್ತಿಗೆಗೆ ಚೂರಿ ಹಾಕಿದರೆ ಆ ಚೂರಿಯಲ್ಲೇ ಸೇಬು ಹೆಚ್ಚಿ ತಿನ್ನುತ್ತಾನೆ. ಗುಂಡು ಹೊಡೆದರೆ ತೂತಿನಲ್ಲಿ ಇಣುಕಿ ನೋಡಿ ಗಾಳಿ ಚೆನ್ನಾಗಿ ಬರುತ್ತಿದೆ ಎನ್ನುತ್ತಾನೆ. ಒಂದೊಂದು ತಲೆ ಉರುಳಿದಾಗಲೂ ಹುಡುಗರು ಶಿಳ್ಳೆ ಹೊಡೆಯುತ್ತಿದ್ದರು, ಕೆಲವರಿಗೆ ಮುಂದಿನ ಮಾತು ಬಾಯಿಪಾಠ. ನನ್ನ ಪಕ್ಕದ ಹೆಂಗಸು ಮಗುವಿನ ಕಣ್ಣು ಮುಚ್ಚಿ ತಾನು ಬಾಯಿ ತುಂಬ ನಗುತ್ತಿದ್ದಳು. ಅತ್ತೆಗೆ ಮಾತ್ರ ಹೀರೋನ ಚಿಂತೆ, ಅವನ ತಾಯಿಯ ಚಿಂತೆ. “ಪಾಪ, ಅವ್ನ ಅಬ್ಬಿ ಎಲ್ಲಿತ್ತ್ ಗಡ? ಮನಿಗೆ ಹೋಪುಕಾಗ್ದಾ ಅವ್ನಿಗೆ?” ಎಂದು ಪ್ರಣೀತಾಳನ್ನು ಕೇಳುತ್ತಲೇ ಇದ್ದರು. ಪ್ರಣೀತಾ ನಗುತ್ತಿದ್ದಳು, ಆದರೆ ಬಾಯಿಗೆ ಅಂಗೈ ಅಡ್ಡ ಇಟ್ಟುಕೊಂಡು. ಆ ಹುಡುಗಿ ಮೂರು ವರ್ಷದಿಂದ ಮನೆಯಲ್ಲಿ ಹಾಗೇ ನಗುವುದು. ಕತ್ತಲೆಯಲ್ಲೂ ಅದೇ ಅಭ್ಯಾಸವಾಗಿದೆ ಎಂದು ನನಗೆ ನಿನ್ನೆಯೇ ತಿಳಿದದ್ದು.

ಅಷ್ಟರಲ್ಲಿ ವಿಲನ್ ಬಂದು ಹೀರೋನ ಬಲಗೈಯನ್ನು ಮೊಣಕೈಯ ಕೆಳಗೆ ಕತ್ತರಿಸಿದ. ಪರದೆ ತುಂಬ ರಕ್ತ. ಆ ಮನುಷ್ಯ ಬಿದ್ದ ಕೈಯನ್ನು ಎಡಗೈಯಲ್ಲಿ ಎತ್ತಿಕೊಂಡು, ಅದರ ಬೆರಳಿನಿಂದ ತನ್ನ ಬೆನ್ನು ಕೆರೆದುಕೊಂಡು, “ಆಹಾ, ಇಷ್ಟು ವರ್ಷ ಇಲ್ಲಿಗೆ ಎಟುಕುತ್ತಲೇ ಇರಲಿಲ್ಲ” ಎಂದ. ಇಡೀ ಟಾಕೀಸು ಹೋ ಎಂದಿತು. ನಮ್ಮ ಮುಂದಿನ ಸಾಲಿನವರೂ ಹೋ ಎಂದರು, ಅರ್ಧಕ್ಕೇ ನಿಂತರು. ಒಬ್ಬೊಬ್ಬರಾಗಿ ಹಿಂದೆ ತಿರುಗಿದರು. ಪ್ರವೀಣ್ ತಿರುಗಿದ, ಅವನ ಪಕ್ಕದವನು ತಿರುಗಿದ, ಆಚೆ ತುದಿಯಲ್ಲಿದ್ದ ಮುದುಕ ಸೂರ ಕೂಡ ಎದ್ದು ನಿಂತು ತಿರುಗಿದ. ಪರದೆಯ ಬೆಳಕಿನಲ್ಲಿ ಅಷ್ಟೂ ಮುಖಗಳು ನಿನ್ನ ಅಣ್ಣನನ್ನು ನೋಡುತ್ತಿದ್ದವು, ನಗಬಹುದೋ ಬಾರದೋ ಎಂದು. ಹಿಂದೆ ಹುಡುಗರು ನಕ್ಕು ಸೀಟು ಗುದ್ದುತ್ತಿದ್ದರು. ಅದೇ ಹೊತ್ತಿಗೆ ಅತ್ತೆ ಪರದೆಗೆ ಕೈ ತೋರಿಸಿ, “ಹ್ವಾಯ್, ಮೊದ್ಲ್ ಬಟ್ಟಿ ಕಟ್ಟಿ ಮಾರ್ರೆ, ರಕ್ತ ಹೋತಿತ್ತ್!” ಎಂದು ಕೂಗಿದರು. ಅಂದು ನಿನ್ನ ಅಣ್ಣನನ್ನು ಬೋಟಿನಿಂದ ಇಳಿಸುವಾಗ ಅವರು ದಡದಲ್ಲಿ ಕೂಗಿದ ಮಾತು ಅದೇ. ಹುಡುಗರಿಗೆ ಏನು ಗೊತ್ತು, ಹೀರೋನ ಮಾತಿಗಿಂತ ಅತ್ತೆಯ ಮಾತಿಗೇ ಜಾಸ್ತಿ ನಕ್ಕರು.

ನನಗೆ ಎದ್ದು ಹೊರಗೆ ಹೋಗಬೇಕು ಅನಿಸಿತು. ನಿನ್ನ ಅಣ್ಣ ಮುಂದಕ್ಕೆ ಬಾಗಿ, “ಎಂತಕ್ಕೆ ನನ್ ಮೋರಿ ಕಾಂತ್ರಿ? ದುಡ್ಡ್ ಕೊಟ್ಟದ್ದ್ ಅದ್ನ ಕಾಂಬುಕೆ ಅಲ್ದಾ?” ಎಂದರು. ಎಂದು ನಕ್ಕರು. ಮೊದಲು ಮುಂದಿನ ಸಾಲಿನವರಿಗೆ ಧೈರ್ಯ ಕೊಡಲು ನಕ್ಕದ್ದು, ನನಗೆ ಗೊತ್ತಾಗುತ್ತದೆ. ಆದರೆ ಆ ಹೊಟ್ಟೆಯವನು ಕೈಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ಅದಕ್ಕೂ ಸೀಟು ಕೇಳಿದಾಗ ನಿನ್ನ ಅಣ್ಣ ನಿಜವಾಗಿ ನಕ್ಕರು. ಕೆಮ್ಮು ಬರುವಷ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮುಂದಿನ ಸಾಲಿನವರೂ ನಕ್ಕರು, ಆದರೆ ಪ್ರತಿ ಸಲವೂ ಮೊದಲು ತಿರುಗಿ ಅವರನ್ನು ನೋಡಿ, ಅವರು ನಗುತ್ತಿದ್ದಾರೆ ಎಂದು ಖಾತ್ರಿ ಮಾಡಿಕೊಂಡು, ಆಮೇಲೆ. ಹಾಗಾಗಿ ನಮ್ಮ ಕಡೆಯ ನಗು ಉಳಿದ ಟಾಕೀಸಿಗಿಂತ ಯಾವಾಗಲೂ ಸ್ವಲ್ಪ ತಡವಾಗಿ ಬರುತ್ತಿತ್ತು. ನಾನು ನಗಲಿಲ್ಲ. ನಿನಗೆ ಸುಳ್ಳು ಹೇಳುವುದಿಲ್ಲ, ನನಗೆ ನಿನ್ನ ಅಣ್ಣನ ಮೇಲೂ ಸಿಟ್ಟು ಬಂತು. ಆ ಗಾಯ ತೊಳೆದವಳು ನಾನು. ನೋವಿಗೆ ಅವರು ಹಲ್ಲಲ್ಲಿ ಕಚ್ಚಿ ಹರಿದ ದಿಂಬಿನ ಬಟ್ಟೆಯನ್ನು ಹೊಲಿದವಳು ನಾನು. ಅದರಲ್ಲಿ ಇವರಿಗೆ ನಗಲು ಏನು ಸಿಕ್ಕಿತು?

ಇಂಟರ್ವಲ್‌ನಲ್ಲಿ ಇನ್ನೂ ಹೊಲಸು. ಪ್ರವೀಣ್ ಬಂದು, “ತಪ್ಪ್ ತಿಳ್ಕಣ್ಬೇಡಿ ಚಂದ್ರಣ್ಣ, ನೆಗಿ ಬಂದ್ಹೋಯ್ತ್” ಎಂದ. ಇನ್ನೊಬ್ಬ ಕೇಳದೆಯೇ ಪಾಪ್‌ಕಾರ್ನ್ ತಂದು ಅವರ ತೊಡೆಯ ಮೇಲೆ ಇಟ್ಟ. ಮತ್ತೊಬ್ಬ ಆ ಸಿನಿಮಾ ತೆಗೆದವರ ಮೂರು ತಲೆಮಾರನ್ನು ಬೈದ, ಈಗಷ್ಟೇ ಬಿದ್ದು ಬಿದ್ದು ನಕ್ಕವನು. ಎಲ್ಲರೂ ಒಳ್ಳೆಯವರೇ ಮನೀಷ. ಅವರು ಹೀಗೆ ಒಳ್ಳೆಯವರಾಗಿ ಮುತ್ತಿಕೊಂಡಾಗ ನಿನ್ನ ಅಣ್ಣನ ಮುಖ ಹೇಗೆ ಬಾಡಿತು ಎಂದು ನೋಡಿದೆ. ಕೈ ಕತ್ತರಿಸಿದ್ದನ್ನು ನೋಡಿ ಬಾಡದ ಮುಖ ಪಾಪ್‌ಕಾರ್ನ್ ನೋಡಿ ಬಾಡಿತು. ನನ್ನ ಸಿಟ್ಟು ಅಲ್ಲೇ ಇಳಿಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ನಮಗಿಬ್ಬರಿಗೆ ಒಂದೇ ಸೀಟು ಸಿಕ್ಕಿತು. ಮರವಂತೆ ದಾಟುವ ತನಕ ಅವರು ಸಮುದ್ರ ನೋಡುತ್ತಿದ್ದರು. ಆಮೇಲೆ ಹೇಳಿದರು, “ಕೈ ಹೋದ್ದ್ ಒಂದೇ ಸಲ ವನಜ. ಊರಿನರ್ ದಿನಾ ಅದ್ರ ಬೊಜ್ಜ ಮಾಡ್ತ್ರ್.” ಉತ್ತರಕ್ರಿಯೆಯ ಮನೆಗೆ ಬಂದವರ ಹಾಗೆ ಜನ ತಮ್ಮೆದುರು ತಗ್ಗಿದ ಸ್ವರದಲ್ಲಿ ಮಾತಾಡುವುದು ಅವರಿಗೆ ಸಾಕಾಗಿದೆಯಂತೆ. ಅದನ್ನು ಮಾಡಿದವರಲ್ಲಿ ನಾನೇ ಮೊದಲಿನವಳು ಎಂದು ನಾನು ಹೇಳಲಿಲ್ಲ, ಅವರಿಗೆ ಗೊತ್ತಿದೆ. ಕಿಟಕಿಯಿಂದ ನನ್ನತ್ತ ತಿರುಗಿ, “ಮನೀಷ ಇದ್ದಿರೆ ಅವ್ನೇ ಮೊದ್ಲ್ ನೆಗಾಡ್ತಿದ್ದ. ನನ್ ಮೋರಿ ಕಾಂತಿರ್ಲಿಲ್ಲ” ಎಂದರು. ನೀವಿಬ್ಬರೂ ಒಟ್ಟಿಗೆ ಸಿನಿಮಾಕ್ಕೆ ಹೋದರೆ ಹಿಂದಿನ ಸಾಲಿನವರು ಗದರಿಸುತ್ತಿದ್ದದ್ದು, ಅಳುವ ಸೀನಿನಲ್ಲೂ ನೀನು ನಕ್ಕು ಒಮ್ಮೆ ಬೈಂದೂರಿನ ಟೆಂಟ್ ಟಾಕೀಸಿನಿಂದ ಹೊರಹಾಕಿಸಿಕೊಂಡದ್ದು, ಎಲ್ಲ ಹೇಳಿದರು. ಉಪ್ಪುಂದ ಬರುವ ತನಕ ನಿನ್ನದೇ ಮಾತು. ಇಳಿಯುವಾಗ ಕಂಡಕ್ಟರ್ ಕೈ ಹಿಡಿದು ಇಳಿಸಲು ಬಂದ, ಇವರು ಅವನನ್ನು ದಾಟಿ ತಾವೇ ಇಳಿದರು.

ಅದಕ್ಕೇ ಬರೆಯುತ್ತಿದ್ದೇನೆ. ನೀನು ಬಂದರೆ ಅವರ ಕೈ ಬರುವುದಿಲ್ಲ, ಅದು ಅವರಿಗೂ ಗೊತ್ತು. ಆದರೆ ಕೈಯ ಜೊತೆ ತಮ್ಮನೂ ಹೋಗಿ ಅವರಿಗೆ ಎರಡು ನಷ್ಟವಾಗಿದೆ. ಒಂದಕ್ಕೆ ಯಾರೂ ಏನೂ ಮಾಡುವ ಹಾಗಿಲ್ಲ, ಇನ್ನೊಂದು ನಿನ್ನಿಂದ ಆಗುತ್ತದೆ. ಕ್ಷಮೆ ಕೇಳಲು ಬರಬೇಡ, ಊರವರಿಂದ ಆ ಮಾತು ಕೇಳಿ ಕೇಳಿ ಅವರ ಕಿವಿ ತುಂಬಿದೆ. ಸುಮ್ಮನೆ ಬಾ. ಚೌತಿಗೆ ಬಾ. ಜಗಲಿಯಲ್ಲಿ ಕೂತು ಮೊದಲಿನ ಹಾಗೆ ಅವರನ್ನು ಗೇಲಿ ಮಾಡು, ಒಂದೆರಡು ಸಲ ಬೈಸಿಕೊ. ಆಮೇಲೆ ಬೇಕಾದರೆ ವಾಪಸು ಹೋಗು, ನಾನು ತಡೆಯುವುದಿಲ್ಲ.

ಆಗಸ್ಟಿನಲ್ಲಿ ಮೊದಲ ಸಲ ಇಳಿಯುವಾಗ ಕಡಲು ನಿನಗೆ ಸಮಾಧಾನದಲ್ಲಿರಲಿ, ಬಲೆ ತುಂಬಿ ಬರಲಿ, ಮೈಗೆ ಒಂದು ಗೀರೂ ಆಗದಿರಲಿ. ಅತ್ತೆ ನಿನ್ನ ತಲೆ ಮುಟ್ಟಿದ ಹಾಗೆ ತಿಳಿದುಕೊ ಎಂದು ಹೇಳಿದ್ದಾರೆ. ಪ್ರಣೀತಾ ನಿನಗೆ ಏನೂ ಹೇಳುವುದಿಲ್ಲವಂತೆ, ಸಿಟ್ಟಂತೆ.

ನಿನ್ನ ಅತ್ತಿಗೆ,
ವನಜ

ಮತ್ತೆ: ಕಾಗದ ಮಡಿಸುತ್ತಿದ್ದೆ, ಪ್ರವೀಣ್ ಬ್ಯಾಗು ಹಿಡಿದು ಬಂದ. ನಿನ್ನ ಅಣ್ಣನೂ ಅಂಗಿ ಹಾಕಿಕೊಂಡು ಅವನ ಹಿಂದೆ ಹೊರಟು ನಿಂತಿದ್ದಾರೆ. ಎಲ್ಲಿಗೆ ಎಂದರೆ “ಒಂದ್ ಚಾ ಕುಡ್ದ್ ಬತ್ತೆ” ಎನ್ನುತ್ತಾರೆ. ಚಹಾ ಕುಡಿಯಲು ರತ್ನಗಿರಿಗೆ! ಇಬ್ಬರಿಗೂ ಟಿಕೆಟ್ ಆಗಿದೆಯಂತೆ, ನನಗೆ ಈಗ ಹೇಳುತ್ತಿದ್ದಾರೆ. ಇಷ್ಟುದ್ದ ಬರೆದದ್ದನ್ನು ಬದಲಿಸಿ ಬರೆಯಲು ಹೊತ್ತಿಲ್ಲ, ಬೈಂದೂರು ಸ್ಟೇಷನ್ನಿಗೆ ರಿಕ್ಷಾ ಬಂದು ನಿಂತಿದೆ. ಅವರು ಬೋಟು ನಿಲ್ಲುವ ಜೆಟ್ಟಿಯ ಒಳಗೆ ಬರುವುದಿಲ್ಲವಂತೆ, ಕಂಡರೆ ನೀನು ಓಡುತ್ತೀಯ ಎಂದು. ಗೇಟಿನ ಹೊರಗೆ ಚಹಾದ ಅಂಗಡಿಯಲ್ಲಿ ಕೂರುತ್ತಾರಂತೆ. ನೀನು ಬಂದರೆ ಸರಿ, ಇಲ್ಲದಿದ್ದರೆ ಮುಂದಿನ ರೈಲಿಗೆ ವಾಪಸು. ನೀನು ಇದನ್ನು ಓದುವಾಗ ಅವರು ಅಲ್ಲಿ ಕೂತಿದ್ದಾರೆ ಮನೀಷ. ಬೇಗ ಹೋಗು. ಎಡಗೈ ಎಂಬ ಸಂಕೋಚಕ್ಕೆ ಅವರು ತಾವಾಗಿ ಕೈ ಚಾಚುವುದಿಲ್ಲ. ನೀನೇ ಹಿಡಿದುಕೊ.