ಜುಲೈಖಾಗೊಂದು ಕಂಪ್ಯೂಟರ್

೩ ಅಕ್ಟೋಬರ್, ಗುರುವಾರ. ೧೬.೪೦

ಬಿಪಿ ಮಾತ್ರೆ ನುಂಗಿದ್ದಾಯಿತು. ಗಡಿಯಾರಕ್ಕೆ ಕೀ ಕೊಟ್ಟಿದ್ದಾಯಿತು. ಜುಲೈಖಾ ಮತ್ತೆ ಫೋನ್ ಹಿಡಿದು ಕೂತಿದ್ದಳು. "ಬಖ್ತಾ... ಅಕ್ಕಾ, ಕೇಳಿಸ್ತಿದೆಯಾ?" ಆ ಕಡೆಯಿಂದ ಅಕ್ಕ, "ಯಾರು? ಯಾರದು?" ಅಷ್ಟೇ. ಹತ್ತು ನಿಮಿಷ ಇದೇ. ಆಮೇಲೆ ಫೋನ್ ಇಟ್ಟು ಪುದೀನ ಬಿಡಿಸೋಕೆ ಕೂತಳು.

ಬಖ್ತಾಳ ಕಿವಿ ಈ ಬೇಸಿಗೆಯಲ್ಲಿ ಪೂರ್ತಿ ಹೋಯಿತು. ಅವಳಿರುವ ಮಘ್ನಿಯಾ ಗಡಿಯಾಚೆಯ ದೇಶದಲ್ಲಿದೆ, ಆದರೆ ಏನು ದೂರವೇ? ರೈಲಿದ್ದಾಗ ಗಂಟೆಯೂ ಹಿಡಿಯುತ್ತಿರಲಿಲ್ಲ. ೧೭.೦೫ರ ಗಾಡಿ. ನಮ್ಮೂರು ಈ ಊಜ್ದಾದ ಸ್ಟೇಷನ್ನಿನಲ್ಲಿ ನಾನೇ ಬಾವುಟ ತೋರಿಸಿ ಬಿಡುತ್ತಿದ್ದೆ. ಗಡಿ ಮುಚ್ಚಿ ಮೂವತ್ತು ವರ್ಷವಾಯಿತು. ಈಗ ಹೋಗಬೇಕೆಂದರೆ ವಿಮಾನ ಹತ್ತಿ ಟ್ಯೂನಿಸ್ ಸುತ್ತಬೇಕು. ಇವಳ ಮಂಡಿಗೆ ನಮ್ಮ ಮನೆ ಮೆಟ್ಟಿಲೇ ಆಗುವುದಿಲ್ಲ.

ಮದುವೆಯಾದಾಗಿನಿಂದ ಐವತ್ತು ವರ್ಷ ಇವಳ ಮಾತು ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿತ್ತು. ಈಗ ಎರಡು ತಿಂಗಳಿಂದ ಮನೆ ತಣ್ಣಗಿದೆ. ನನ್ನಿಂದ ತಡೆಯೋಕಾಗ್ತಿಲ್ಲ.

೫ ಅಕ್ಟೋಬರ್, ಶನಿವಾರ. ೧೧.೧೫

ತೀರ್ಮಾನ ಮಾಡಿದೆ. ಕಂಪ್ಯೂಟರ್. ಕಿವಿ ಇಲ್ಲದಿದ್ದರೆ ಬೇಡ, ಕಣ್ಣಿದೆಯಲ್ಲ. ಒಬ್ಬರ ಮುಖ ಒಬ್ಬರು ನೋಡಲಿ. ಬಖ್ತಾಳ ಸೊಸೆಯ ಹತ್ತಿರ ಒಂದು ಇದೆಯಂತೆ.

ಮಗಳು ಹೂರಿಯಾ ಔಷಧಿ ಅಂಗಡಿ ಮುಗಿಸಿ ಬಂದಳು, ತನ್ನ ಟ್ಯಾಬ್ಲೆಟ್ ತಂದಿದ್ದಳು. ವಯಸ್ಸಾದವರಿಗೆ ಇದೇ ಸರಳ ಅಪ್ಪಾ, ಬೆರಳಲ್ಲಿ ತೀಡಿದರೆ ಸಾಕು ಅಂದಳು. ಕೆಲಸ ಏನೆಂದು ಹೇಳದೆ ಜುಲೈಖಾ ಕೈಗೆ ಕೊಟ್ಟೆವು. ತೀಡಿದಳು. ಏನೂ ಆಗಲಿಲ್ಲ. ಮತ್ತೆ ತೀಡಿದಳು. ಹಿಟ್ಟು ನಾದಿ ನಾದಿ ಸವೆದ ಬೆರಳು, ಗಾಜಿಗೆ ಗೊತ್ತೇ ಆಗುವುದಿಲ್ಲ. "ಇದಕ್ಕೆ ನನ್ನ ಕಂಡ್ರೆ ಆಗಲ್ಲ" ಅಂತ ವಾಪಸು ಕೊಟ್ಟು ರೊಟ್ಟಿ ತಿರುವಿ ಹಾಕೋಕೆ ಹೋದಳು.

೮ ಅಕ್ಟೋಬರ್, ಮಂಗಳವಾರ. ೧೦.೩೦

ಬೆನ್‌ಯೂನಸ್ ಅಂಗಡಿ. ಹಳೇ ಕಂಪ್ಯೂಟರ್‌ಗಳ ರಾಶಿ, ಎಲ್ಲ ಸ್ಪೇನ್ ಕಡೆಯಿಂದ ಬಂದದ್ದು. ನನ್ನನ್ನು "ಹಾಜ್" ಅಂತಾನೆ. ನಾನು ಹಜ್‌ಗೆ ಹೋಗಿಲ್ಲ. ಬಿಳಿ ಗಡ್ಡಕ್ಕೆ ಕೊಟ್ಟ ಬಿರುದು.

ಒಂದು ಪ್ರಶ್ನೆಗೆ ಹತ್ತು ಪ್ರಶ್ನೆ ಕೇಳಿದ. ಮೆಮೊರಿ ಎಷ್ಟು, ಅದೆಷ್ಟು, ಇದೆಷ್ಟು. ನಾನೂ ಗತ್ತಿನಿಂದ, "ದೊಡ್ಡ ಸ್ಕ್ರೀನ್. ಒಳ್ಳೆ ಕ್ಯಾಮೆರಾ. ಮಿಕ್ಕಿದ್ದು ನಿನಗೆ ಬಿಟ್ಟದ್ದು" ಅಂದೆ. ಸ್ಕ್ರೀನಿನ ಬೆನ್ನಿಗೇ ಎಲ್ಲ ಸೇರಿಕೊಂಡಿರುವ ಒಂದು ತೋರಿಸಿದ. ಹೊಸ್ತಿಲಿನ ಹಲಗೆಯಷ್ಟು ಅಗಲ. ಅದೇ ಸರಿ.

"ಯಾರು ಬಳಸೋದು ಹಾಜ್?"

"ನಮ್ಮನೆಯವಳು."

"ಅವರನ್ನೂ ಕರ್ಕೊಂಡು ಬನ್ನಿ, ಒಂದ್ಸಲ ನೋಡ್ಲಿ."

ಅವಳಿಗೇನು ಗೊತ್ತಾಗುತ್ತೆ ಅಂದೆ. ಇದನ್ನು ಇಲ್ಲಿ ಬರೆದಿಡುತ್ತಿದ್ದೇನೆ, ಅವಳು ಓದುವುದಿಲ್ಲವಲ್ಲ.

೧೨ ಅಕ್ಟೋಬರ್, ಶನಿವಾರ. ೧೯.೦೦

ಕೂರಿಸಿಯಾಯಿತು. ಜುಲೈಖಾ ಒಂದು ಗಂಟೆ ಸುತ್ತಮುತ್ತ ಓಡಾಡಿದಳು. ದುಡ್ಡು ದಂಡ ಅಂದಳು. ಧೂಳು ಕೂರುತ್ತೆ ಅಂದಳು. ಆಮೇಲೆ ಪೆಟ್ಟಿಗೆಯಿಂದ ಬಿಳಿ ಬಟ್ಟೆ ತೆಗೆದು ಹೊಲಿಯೋಕೆ ಕೂತಳು. ನಮ್ಮ ಮನೆಯಲ್ಲಿ ಟಿ.ವಿ.ಗೆ, ರೇಡಿಯೋಗೆ, ನೀರಿನ ಫಿಲ್ಟರಿಗೆ ಎಲ್ಲಕ್ಕೂ ಕಸೂತಿ ಹೊದಿಕೆ. ಇದಕ್ಕೂ ಬೇಕಲ್ಲ. ಅಂದರೆ ಒಪ್ಪಿದಳು ಅಂತಲೇ ಅರ್ಥ.

೧೬ ಅಕ್ಟೋಬರ್, ಬುಧವಾರ. ೧೮.೧೦

ಇವತ್ತು ೧೭.೦೫ಕ್ಕೆ ಮಾತಾಡಿಸಿದೆವು. ಹೊತ್ತು ಗೊತ್ತುಮಾಡಿದವನು ನಾನು. ವಿಶೇಷ ಕಾರಣವೇನಿಲ್ಲ.

ಹೊದಿಕೆ ಚೆನ್ನಾಗಿ ಬಂದಿದೆ. ಬೆನ್ನು ಪೂರ್ತಿ ಮುಚ್ಚುತ್ತದೆ, ಮುಂದೆ ತಲೆಯ ಕಡೆಯಿಂದ ನಾಲ್ಕು ಬೆರಳು ಬಿಳಿ ಜಾಲರಿ ಇಳಿಬಿದ್ದಿದೆ. ಬಖ್ತಾಳ ಸೊಸೆ ಆ ಕಡೆ ಹಚ್ಚಿಕೊಟ್ಟು ಒಳಗೆ ಹೋದಳು. ಬಖ್ತಾ ಕಂಡಳು! ದಪ್ಪ ಕನ್ನಡಕ, ಹಳೇ ಮೇಡಮ್ಮಿನ ಅದೇ ಬಿಗಿ ಮುಖ. ಮಘ್ನಿಯಾದ ಅರ್ಧ ಊರಿಗೆ ಓದು ಬರಹ ಕಲಿಸಿದವಳು. ಜುಲೈಖಾ ಕೈ ಬೀಸಿದಳು, ನಾನೂ ಬೀಸಿದೆ. ಬಖ್ತಾ ಹತ್ತಿರ ಬಗ್ಗಿ ನೋಡಿದಳು, ನೋಡಿದಳು... ಕೆನ್ನೆಗೆ ಎರಡೂ ಕೈ ಹಚ್ಚಿಕೊಂಡು ಅಳೋಕೆ ಶುರುಮಾಡಿದಳು. ಎದ್ದು ಹೊರಟೇಹೋದಳು.

"ಸಂತೋಷಕ್ಕೆ" ಅಂದಳು ಜುಲೈಖಾ. ಅವಳೂ ಅತ್ತಳು. ನನಗೂ ಕಣ್ಣು ತುಂಬಿತು. ಇನ್ನೇನು ಬೇಕು.

ಸ್ಕ್ರೀನಿನ ಮೂಲೆಯಲ್ಲಿ ಒಂದು ಪುಟ್ಟ ಬಿಳಿ ಚೌಕ ಇತ್ತು. ಅದು ಯಾತಕ್ಕೋ, ಬೆನ್‌ಯೂನಸ್‌ನನ್ನು ಕೇಳಬೇಕು.

೧೭ ಅಕ್ಟೋಬರ್, ಗುರುವಾರ. ೧೩.೩೦

ನಾನು ಸತ್ತಿದ್ದೇನೆ.

೧೨.೨೦ಕ್ಕೆ ಹೂರಿಯಾ ಓಡಿಬಂದಳು, ಅಂಗಡಿಯ ಬಿಳಿ ಕೋಟಿನಲ್ಲೇ, ಒಂದು ಕಾಲಿಗೆ ಚಪ್ಪಲಿ ಸರಿಯಾಗಿ ಹಾಕದೆ. ನಾನು ಆಲಿವ್ ಬೀಜ ಉಗುಳುತ್ತ ಕೂತಿದ್ದೆ. ನನ್ನನ್ನು ನೋಡಿ ಬಾಗಿಲಲ್ಲೇ ನಿಂತಳು. ಆಮೇಲೆ ಹತ್ತಿರ ಬಂದು ಭುಜಕ್ಕೆ ಒಂದು ಹೊಡೆದಳು, ತಬ್ಬಿಕೊಂಡಳು, ಮತ್ತೆ ಹೊಡೆದಳು. ಮಘ್ನಿಯಾದಿಂದ ಅವಳ ಫೋನಿಗೆ ಸಂದೇಶ ಬಂದಿತ್ತು — ನಿಮ್ಮ ತಂದೆಯ ಮೇಲೆ ದೇವರ ಕರುಣೆಯಿರಲಿ, ನಿಮಗೆ ತಾಳ್ಮೆ ಕೊಡಲಿ.

ಆಗ ಹೊಳೆಯಿತು. ಜಾಲರಿ ಇಳಿಬಿದ್ದಿದ್ದು ಕ್ಯಾಮೆರಾದ ಮೇಲೆ. ನಮಗೆ ಅವಳು ಕಾಣುತ್ತಿದ್ದಳು, ಅವಳಿಗೆ ಕಂಡಿದ್ದು ಬರೀ ಬಿಳಿ ಬಟ್ಟೆ. ಮೂಲೆಯ ಆ ಬಿಳಿ ಚೌಕವೂ ಅದೇ. ಸಾವಿನ ಮನೆಯಲ್ಲಿ ಕನ್ನಡಿಗೆ, ಟಿ.ವಿ.ಗೆ ಬಿಳಿ ಬಟ್ಟೆ ಹೊದಿಸುವುದು ಗಡಿಯ ಎರಡೂ ಕಡೆ ಒಂದೇ. ಗಂಡ ಸತ್ತವಳು ಇಲ್ಲಿ ಉಡುವುದೂ ಬಿಳಿಯೇ. ನನಗೋ ಏಪ್ರಿಲ್‌ನಲ್ಲಿ ಹೃದಯದ ಆಪರೇಷನ್ ಆಗಿತ್ತು. ಬಖ್ತಾ ಲೆಕ್ಕ ಹಾಕಿಬಿಟ್ಟಳು. ಇವತ್ತು ಬೆಳಿಗ್ಗೆ ನನ್ನ ಹೆಸರಿನಲ್ಲಿ ಮಸೀದಿಗೆ ಕುಸ್ಕುಸ್ ಊಟ ಕೂಡ ಕಳಿಸಿದ್ದಾಳಂತೆ. ಏಳು ತರಕಾರಿ ಹಾಕಿ. ಬದುಕಿದ್ದಾಗ ನನಗೆ ಒಂದು ದಿನ ಐದರ ಮೇಲೆ ಹಾಕಿದವಳಲ್ಲ.

ಹೂರಿಯಾ ಉತ್ತರ ಬರೆದಳು, ಅಪ್ಪ ಚೆನ್ನಾಗಿದ್ದಾರೆ ಅಂತ. ಸೊಸೆ ನಂಬಿದಳು. ಬಖ್ತಾ ನಂಬಲಿಲ್ಲ. ವಯಸ್ಸಾದವರ ಹತ್ತಿರ ಸಾವಿನ ಸುದ್ದಿ ಮುಚ್ಚಿಡುವುದು ಅವಳಿಗೆ ಗೊತ್ತಿಲ್ಲವೇ? ಎಷ್ಟು ಜನರ ಹತ್ತಿರ ಅವಳೇ ಮುಚ್ಚಿಟ್ಟಿದ್ದಾಳೆ.

ಅದೇ ದಿನ. ೧೮.೩೦

ಜಾಲರಿ ಮೇಲಕ್ಕೆ ಮಡಚಿ ಪಿನ್ ಚುಚ್ಚಿ ಕೂತೆವು. ೧೭.೦೫. ಬಖ್ತಾ ನನ್ನನ್ನು ನೋಡಿದಳು. ತುಂಬ ಹೊತ್ತು. ಆಮೇಲೆ ಎಡಗೈ, ಬಲಗೈ ಎತ್ತಿಸಿ ನೋಡಿದಳು, ಹಳೇ ವಿಡಿಯೋ ಇರಬಹುದು ಅಂತ ಅನುಮಾನ. ಎತ್ತಿದೆ. ನಾಲಿಗೆ ಕೂಡ ತೋರಿಸಿದೆ.

ಜುಲೈಖಾ ವಿಷಯ ಹೇಳೋಕೆ ಹೊರಟಳು. ಕೂಗಿದಳು. ಬಟ್ಟೆ ತೋರಿಸಿದಳು, ಕ್ಯಾಮೆರಾ ತೋರಿಸಿದಳು, ತನ್ನ ಹಣೆ ತೋರಿಸಿದಳು. ಆ ಕಡೆ ಬಖ್ತಾ ತನ್ನ ಕಿವಿ ತೋರಿಸಿ ತಲೆ ಆಡಿಸಿದಳು. ಅವಳ ಮುಖ ಮತ್ತೆ ಅಳುವ ಹಾಗಾಯಿತು. ಮುಖ ಕಂಡರೆ ಸಾಕು ಅಂದುಕೊಂಡಿದ್ದೆ. ಸಾಲಲಿಲ್ಲ. ಎರಡು ಗಾಜಿನ ಪೆಟ್ಟಿಗೆಯೊಳಗೆ ಇಬ್ಬರು ಮುದುಕಿಯರು, ನೋಡಿ ಸಂಕಟವಾಯಿತು.

ಆಗ ಜುಲೈಖಾ ನನ್ನ ಮೊಣಕೈ ಆ ಕಡೆ ತಳ್ಳಿ ಕೀಬೋರ್ಡ್ ಎಳೆದುಕೊಂಡಳು. ಬೆನ್ನು ನೆಟ್ಟಗಾಯಿತು. ಕಣ್ಣು ಸ್ಕ್ರೀನಿನ ಮೇಲೆ, ಬೆರಳು ಕೆಳಗೆ ತಾನಾಗಿ... ಟಪಟಪಟಪ. ಹೂರಿಯಾ ಬಾಯಿ ತೆರೆದುಕೊಂಡು ನಿಂತಳು. ನಾನೂ.

ಇಪ್ಪತ್ತೊಂಬತ್ತು ವರ್ಷ ಅಂಚೆ ಕಚೇರಿಯಲ್ಲಿ ಟೆಲೆಕ್ಸ್ ಮೆಷಿನ್ ಮುಂದೆ ಕೂತು ತಂತಿ ಸುದ್ದಿ ಒತ್ತಿದವಳು! ದಿನಾ ಸಂಜೆ ಕರೆದುಕೊಂಡು ಬರೋಕೆ ಹೋಗಿ, ಬಾಗಿಲಲ್ಲಿ ನಿಂತು ಅದೇ ಸದ್ದು ಕೇಳುತ್ತಿದ್ದವನು ನಾನು. ಮರೆತೇಬಿಟ್ಟಿದ್ದೆ. ಥೂ.

ಆ ಕಡೆ ಬಖ್ತಾ ಓದಿದಳು. ಒಂದೊಂದೇ ಬೆರಳಲ್ಲಿ, ಮೇಡಮ್ಮಿನ ಗತ್ತಿನಲ್ಲಿ ಉತ್ತರ ಒತ್ತಿದಳು. ಮೊದಲ ಸಾಲು: "ಜಾಲರಿ ಹೊಲಿದವರು ಯಾರು? ಹೊಲಿಗೆ ಓರೆಯಾಗಿದೆ."

ಜುಲೈಖಾ ನಕ್ಕಳು. ಎರಡು ತಿಂಗಳಾಗಿತ್ತು ಆ ನಗು ಕೇಳಿ.

೨೬ ಅಕ್ಟೋಬರ್, ಶನಿವಾರ. ೧೨.೦೦

ಒಂಬತ್ತು ದಿನ ಡೈರಿ ಬರೆಯಲು ಬಿಡುವಿಲ್ಲ. ಮನೆಯಲ್ಲಿ ಜಗಳ. ಕೀಬೋರ್ಡ್ ಸ್ಪೇನಿನದು, ಅಕ್ಷರಗಳ ಜಾಗವೇ ಬೇರೆ. ಇವಳ ಬೆರಳು ಕಲಿತದ್ದು ಫ್ರೆಂಚರದು. ಸಾಲಿಗೆ ಮೂರು ತಪ್ಪು. ಬಖ್ತಾ ಆ ಕಡೆಯಿಂದ ತಿದ್ದಿ ಕಳಿಸುತ್ತಾಳೆ, ಇವಳಿಗೆ ಮೈ ಉರಿ.

ಇವತ್ತು ಬೆನ್‌ಯೂನಸ್ ಅಂಗಡಿಗೆ ಅವಳನ್ನೇ ಕರೆದುಕೊಂಡು ಹೋದೆ. ಅವನು ಮತ್ತೆ ಮೆಮೊರಿ ಅಂತ ಶುರುಮಾಡಿದ. ಜುಲೈಖಾ ಕೇಳಿಸಿಕೊಳ್ಳಲಿಲ್ಲ. ಯಾವ ಮೆಷಿನನ್ನೂ ಆನ್ ಮಾಡಿಸಲಿಲ್ಲ. ಕಣ್ಣು ಮುಚ್ಚಿಕೊಂಡು ಒಂದೊಂದೇ ಕೀಬೋರ್ಡ್ ಮೇಲೆ ಕೈಯಾಡಿಸುತ್ತ ಹೋದಳು, ಬಟ್ಟೆ ಅಂಗಡಿಯಲ್ಲಿ ಥಾನು ಮುಟ್ಟಿ ನೋಡುವ ಹಾಗೆ. ಇದು ಸಪ್ಪೆ. ಇದು ಜಾರುತ್ತೆ. ಕೊನೆಗೆ ಮೂಲೆಯಲ್ಲಿ ಬಿದ್ದಿದ್ದ, ಯಾವುದೋ ಆಫೀಸಿನ ಹಳದಿಗಟ್ಟಿದ ಫ್ರೆಂಚ್ ಕೀಬೋರ್ಡ್. ಕೀ ಒಂದೊಂದೂ ಬೆಲ್ಲದಚ್ಚಿನಷ್ಟು ದಪ್ಪ. ಒತ್ತಿದರೆ ಬೀದಿಗೆ ಕೇಳುವ ಸದ್ದು.

"ಇದು."

"ಇದು ತೀರಾ ಹಳೇದು, ಲಲ್ಲಾ" ಅಂತ ಅವಳಿಗೆ ಮರ್ಯಾದೆ ಕೊಟ್ಟೇ ಅಂದ ಅವನು.

"ನಾನೂ ಹಳೇಬಳೇ. ಸರಿಹೋಗುತ್ತೆ."

ದಾರಿಯಲ್ಲಿ ಕೇಳಿದೆ, ಮೊದಲೇ ಯಾಕೆ ಹೇಳಲಿಲ್ಲ ಅಂತ. "ನೀವು ಕೇಳ್ಲಿಲ್ವಲ್ಲ, ಸಿ ಮಿಲೂದ್" ಅಂದಳು, ಎಂದಿನ ಹಾಗೆ ನನ್ನ ಹೆಸರಿಗೆ ಮರ್ಯಾದೆಯ "ಸಿ" ಸೇರಿಸಿ. ಕೋಪವಿಲ್ಲದೆ. ಅದೇ ಚುಚ್ಚಿತು. ಕಾಕ್ ಬಿಸ್ಕತ್ತಿನ ಅಂಗಡಿ ಮುಂದೆ ನಿಲ್ಲಿಸಿ, ಯಾವುದು ಬೇಕು ಅಂತ ಕೇಳಿದೆ. ಕೇಳುವ ಅಭ್ಯಾಸ ಮಾಡಿಕೊಳ್ಳಬೇಕು.

೧ ನವೆಂಬರ್, ಶುಕ್ರವಾರ. ೧೭.೫೦

ಟಪಟಪಟಪ. ಮುಕ್ಕಾಲು ಗಂಟೆಯಿಂದ. ಅಡಿಗೆಮನೆಯಲ್ಲಿ ಹಾಲು ಉಕ್ಕಿತು, ನಾನೇ ಒರೆಸಿದೆ. ಏನು ಬರೀತೀಯ ಅಂತ ಬಗ್ಗಿದರೆ ಕೈಯಡ್ಡ ಇಡುತ್ತಾಳೆ. ನನ್ನ ಮೇಲೆ ದೂರಿರಬೇಕು. ಇರಲಿ. ಎಷ್ಟು ಬೇಕಾದರೂ ದೂರಲಿ.

ಹೊದಿಕೆ ಬೆನ್ನಿಗೆ ಮಾತ್ರ. ಜಾಲರಿ ಬಿಚ್ಚಿ ಮತ್ತೆ ಹೊಲಿದಿದ್ದಾಳೆ, ನೆಟ್ಟಗೆ.

೮ ನವೆಂಬರ್, ಶುಕ್ರವಾರ. ೧೭.೩೦

"ಸಿ ಮಿಲೂದ್, ಬನ್ನಿ ಇಲ್ಲಿ. ನಿಮಗೇ ಬಂದಿದೆ."

ಕನ್ನಡಕ ಹಾಕಿಕೊಂಡು ಹೋದೆ. ಬಖ್ತಾ ಬರೆದಿದ್ದಳು: "ಮಿಲೂದ್, ನಮ್ಮ ಊರ ಸ್ಟೇಷನ್ನಿನಲ್ಲಿ ತಂಗಿಯನ್ನ ಗಾಡಿ ಹತ್ತಿಸಿಕೊಂಡು ಹೊರಟಾಗ ನನಗೊಂದು ಮಾತು ಕೊಟ್ಟಿದ್ದೆ. ನೆನಪಿದೆಯಾ?"

ನೆನಪಿಲ್ಲದೆ ಏನು. ಪ್ರತಿ ಶುಕ್ರವಾರ ಇವಳನ್ನು ೧೭.೦೫ಕ್ಕೆ ಹತ್ತಿಸಿ ಕಳಿಸುತ್ತೇನೆ, ರೈಲಿನವನ ಮಾತು ಇದು ಅಂದಿದ್ದೆ. ಮದುವೆಯಾಗಿ ಒಂದೂವರೆ ವರ್ಷಕ್ಕೆ ಗಡಿ ಮುಚ್ಚಿದರು. ಆಮೇಲೆ ತೆರೆದರು. ಮತ್ತೆ ಮುಚ್ಚಿದರು. ಐವತ್ತು ವರ್ಷದಿಂದ ಅವಳು ಯಾವತ್ತು ಈ ಪ್ರಶ್ನೆ ಕೇಳುತ್ತಾಳೋ ಅಂತ ನನಗೆ ಅಳುಕು. ನನ್ನ ತಪ್ಪಲ್ಲ. ಆದರೂ ಮಾತು ಕೊಟ್ಟವನು ನಾನು.

ಕೆಳಗೆ ಇನ್ನೊಂದು ಸಾಲು ಬಂತು. "ತಡವಾಯಿತು. ಪರವಾಗಿಲ್ಲ. ಗಾಡಿ ಬಂತು."

ಉತ್ತರ ಬರೆಯಬೇಕಂತೆ. ಜುಲೈಖಾ ಎದ್ದು ಕುರ್ಚಿ ಬಿಟ್ಟುಕೊಟ್ಟಳು. ಒಂದು ಬೆರಳಲ್ಲಿ ಅಕ್ಷರ ಹುಡುಕಿದೆ, ಅಳಿಸಿದೆ, ಹುಡುಕಿದೆ. ಕಣ್ಣು ಮಂಜಾಗಿ ಯಾವುದೂ ಕಾಣಲಿಲ್ಲ. ಮೊದಲು ಇಲ್ಲಿ ಬರೆದುಕೊಂಡು ಆಮೇಲೆ ಅಲ್ಲಿ ಒತ್ತೋಣ ಅಂತ ಎದ್ದು ಬಂದೆ. ಬಖ್ತಾ ಕಾಯುತ್ತಿದ್ದಾಳೆ.

ಬಖ್ತಾ, ಗಾಡಿ ನಿಂತ ಮೇಲೂ ನಾನು ಎಷ್ಟೋ ಶುಕ್ರವಾರ ೧೭.೦೫ಕ್ಕೆ ಯಾರಿಗೂ ಹೇಳದೆ ಪ್ಲಾಟ್‌ಫಾರ್ಮಿಗೆ ಹೋಗಿ, ಬಾವುಟ ಹಿಡಿದುಕೊಂಡು ನಿಲ್ಲುತ್ತಿದ್ದೆ.